ಕಾಣದ ಮೂರ್ತಿಗೆ ಕೈ ಹಾಕುವ ಮುಂಚೆ

ತಂಗೀ, ರೋಡ್ಸ್ ದ್ವೀಪದ ಸೂರ್ಯದೇವರ ಚಿತ್ರ ತೆಗೆಯಲು ಹೊರಟಿದ್ದೀಯಂತೆ. ಶಾಬಾಸ್! ಎರಡು ಸಾವಿರ ವರ್ಷಕ್ಕೂ ಹಿಂದೆ ನೆಲಕ್ಕೆ ಬಿದ್ದ ಮೂರ್ತಿ ಅದು. ಇವತ್ತು ಅದರ ಒಂದು ಚೂರೂ ಉಳಿದಿಲ್ಲ. ಅಂಥದ್ದಕ್ಕೆ ಕೈ ಹಾಕಬೇಕೆಂದರೆ ಎದೆಗಾರಿಕೆ ಬೇಕು. ಅದು ನಿನಗೆ ಬೇಕಾದಷ್ಟಿದೆ. ಇಲ್ಲದ್ದು ತಾಳ್ಮೆ. ಹಾಳೆಯನ್ನು ಹಲಗೆಗೆ ಸಿಕ್ಕಿಸುವ ಮುಂಚೆಯೇ ಬಣ್ಣ ಕಲಸಿಕೊಂಡು ಕೂಡುವ ಹುಡುಗಿ ನೀನು. ಸ್ವಲ್ಪ ಕುಂಚ ಕೆಳಗಿಡು. ನಾಲ್ಕು ಮಾತು ಹೇಳುವುದಿದೆ.

ನಿನ್ನ ಕಚ್ಚಾ ಚಿತ್ರ ನೋಡಿದೆ. ಬಂದರಿನ ಬಾಯಿಗೆ ಆಚೆ ದಂಡೆಯ ಮೇಲೊಂದು ಕಾಲು, ಈಚೆ ದಂಡೆಯ ಮೇಲೊಂದು ಕಾಲು. ನಡುವೆ ಹಾಯಿ ಬಿಚ್ಚಿದ ಹಡಗು ಹಾದು ಹೋಗುತ್ತಿದೆ. ಮೇಲೆತ್ತಿದ ಕೈಯಲ್ಲಿ ಉರಿಯುವ ಪಂಜು. ನೋಡಲು ಭರ್ಜರಿಯಾಗಿದೆ, ಒಪ್ಪಿದೆ. ಆದರೆ ಹೀಗೆ ನಿಂತದ್ದನ್ನು ಕಂಡವರು ಯಾರು? ಫೋನಿನಲ್ಲಿ ಇತ್ತು ಅನ್ನುತ್ತೀ. ಫೋನಿಗೆ ಎಲ್ಲಿಂದ ಬಂತು? ಹಿಂದೆ ಚಿತ್ರ ತೆಗೆದವರಿಂದ. ಅವರಲ್ಲಿ ದೊಡ್ಡ ಹೆಸರು ನೆದರ್ಲೆಂಡ್ಸಿನ ಮಾರ್ಟೆನ್ ವಾನ್ ಹೇಮ್ಸ್‌ಕರ್ಕ್. ಜಗತ್ತಿನ ಅದ್ಭುತಗಳು ಎಂಬ ಅವನ ಚಿತ್ರಮಾಲೆ 1572ರಲ್ಲಿ ಅಚ್ಚಾಗಿ ಯುರೋಪಿನ ತುಂಬ ಹರಡಿತು. ಆ ಹೊತ್ತಿಗೆ ಮೂರ್ತಿ ಬಿದ್ದು ಸಾವಿರದ ಎಂಟುನೂರು ವರ್ಷದ ಹತ್ತಿರ ಆಗಿತ್ತು. ಷೇಕ್ಸ್‌ಪಿಯರನೂ ತನ್ನ ಜೂಲಿಯಸ್ ಸೀಸರ್ ನಾಟಕದಲ್ಲಿ ಅದೇ ಕಾಲಗಲಿಸಿದ ನಿಲುವನ್ನು ನೆನೆದ. ಹೀಗೆ ಕೈಯಿಂದ ಕೈಗೆ ದಾಟುತ್ತ ದಾಟುತ್ತ ಅದು ಸಪ್ತಾಪುರದ ನಿನ್ನ ಕೋಣೆಗೆ ಬಂದು ಕೂತಿದೆ. ಹೊಸ ಯಂತ್ರವೂ ಹಳಬರು ಬರೆದದ್ದನ್ನೇ ಕಲಸಿ ಕೊಡುತ್ತದೆ. ನೂರು ಜನ ತಪ್ಪು ಬರೆದಿದ್ದರೆ ನೂರರ ತಪ್ಪನ್ನೂ ನುಣ್ಣಗೆ ತಿಕ್ಕಿ ಮುಂದಿಡುತ್ತದೆ.

ಈಗ ಮೂರ್ತಿಯ ಸಂಗತಿಗೆ ಬಾ. ಕ್ರಿಸ್ತಪೂರ್ವ 305ರಲ್ಲಿ ಡೆಮಿಟ್ರಿಯಸ್ ಎಂಬ ದಂಡನಾಯಕ ರೋಡ್ಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮರುವರ್ಷ ಸೋತು, ಮುತ್ತಿಗೆಯ ದೊಡ್ಡ ದೊಡ್ಡ ಯಂತ್ರಗಳನ್ನು ಅಲ್ಲೇ ಬಿಟ್ಟು ಹೋದ. ಊರವರು ಅವನ್ನು ಮಾರಿದರು. ಬಂದ 300 ಟ್ಯಾಲೆಂಟ್ ಹಣದಲ್ಲಿ ತಮ್ಮನ್ನು ಕಾಪಾಡಿದ ಸೂರ್ಯದೇವ ಹೀಲಿಯೋಸನ ಕಂಚಿನ ಮೂರ್ತಿ ಮಾಡಿಸಿದರು. ಮಾಡಿದವನು ಲಿಂಡೋಸ್ ಊರಿನ ಕಾರೆಸ್. ಹಿಡಿದದ್ದು 12 ವರ್ಷ. ಎತ್ತರ 70 ಮೊಳ, ಅಂದರೆ ನೂರು ಅಡಿಗೂ ಮಿಕ್ಕು. ಕ್ರಿಸ್ತಪೂರ್ವ 280ರ ಸುಮಾರಿಗೆ ಎದ್ದು ನಿಂತಿತು, 226ರ ಸುಮಾರಿನ ಭೂಕಂಪದಲ್ಲಿ ಮೊಣಕಾಲ ಹತ್ತಿರ ಮುರಿದು ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎತ್ತಿ ನಿಲ್ಲಿಸಬೇಡಿ ಎಂದು ದೈವವಾಣಿ ಆಯಿತಂತೆ. ಊರವರು ಹಾಗೇ ಬಿಟ್ಟರು. ಏಳನೆಯ ಶತಮಾನದಲ್ಲಿ ಅರಬರು ದ್ವೀಪ ಗೆದ್ದ ಮೇಲೆ ಕಂಚನ್ನು ವ್ಯಾಪಾರಿಯೊಬ್ಬನಿಗೆ ಮಾರಿದರು, ಅವನು 900 ಒಂಟೆಗಳ ಮೇಲೆ ಹೇರಿಕೊಂಡು ಹೋದ ಎಂದು ಮುಂದಿನ ಚರಿತ್ರೆಕಾರರು ಬರೆದರು.

ನಿನಗೆ ಬೇಕಾದ ಸಾಕ್ಷಿ ಈ ಒಂಟೆಗಳಲ್ಲಿ ಇಲ್ಲ. ಮೂರ್ತಿ ಬಿದ್ದುಕೊಂಡಿದ್ದ ಕಾಲದಲ್ಲೇ ಬದುಕಿದ್ದವರ ಮಾತಿನಲ್ಲಿದೆ. ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದವನು. ಬಿದ್ದಿದ್ದರೂ ಅದು ಅಚ್ಚರಿಯೇ ಎಂದು ಬರೆದ. ಅದರ ಹೆಬ್ಬೆರಳನ್ನು ತಬ್ಬಲು ತೋಳು ಸಾಲುವವರು ಕಡಿಮೆ ಅಂದ. ಬೆರಳುಗಳೇ ಎಷ್ಟೋ ಇಡೀ ಮೂರ್ತಿಗಳಿಗಿಂತ ದೊಡ್ಡವು ಅಂದ. ಒಡೆದ ಕಡೆಯಲ್ಲಿ ಒಳಗೆ ದೊಡ್ಡ ಟೊಳ್ಳು, ಭಾರಕ್ಕೆಂದು ತುಂಬಿದ ಬಂಡೆಗಲ್ಲುಗಳು ಎಂದೂ ಹೇಳಿದ. ಸ್ಟ್ರಾಬೊ ಎಂಬ ಭೂಗೋಳದ ಪಂಡಿತ ಮೊಣಕಾಲಲ್ಲಿ ಮುರಿದದ್ದನ್ನು ಹೇಳಿದ.

ಈಗ ನೀನೇ ವಿಚಾರ ಮಾಡು. ಬಂದರಿನ ಬಾಯಿಗೆ ಅಡ್ಡಲಾಗಿ ಕಾಲಗಲಿಸಿ ನಿಂತಿದ್ದರೆ ಬಿದ್ದಾಗ ಎಲ್ಲಿಗೆ ಬೀಳಬೇಕಿತ್ತು? ನೀರಿಗೆ. ನೀರೊಳಗಿನ ಹೆಬ್ಬೆರಳನ್ನು ಯಾರು ಹೋಗಿ ತಬ್ಬಿ ನೋಡಿಯಾರು? ಕಟ್ಟುವ 12 ವರ್ಷ ಬಂದರು ಮುಚ್ಚಿ ಕೂಡಬೇಕಿತ್ತು. ಹಡಗಿನ ವ್ಯಾಪಾರವೇ ಉಸಿರಾಗಿದ್ದ ಊರು ಅದು; ಒಂದು ದಿನ ಮುಚ್ಚುವುದಕ್ಕೂ ಒಪ್ಪುತ್ತಿರಲಿಲ್ಲ. ಅಷ್ಟು ಅಗಲಕ್ಕೆ ಕಾಲು ಚಾಚಿದರೆ ಕಂಚು ತನ್ನ ಭಾರ ತಾನು ಹೊರುವುದೂ ಇಲ್ಲ. ಇಷ್ಟನ್ನು ತಿಳಿಯಲು ದೊಡ್ಡ ಗ್ರಂಥ ಬೇಡ. ಹಾಳೆಯ ಮುಂದೆ ಸುಮ್ಮನೆ ಕೂತು ಯೋಚಿಸಿದರೆ ಸಾಕು. ನೀನು ಕೂಡುವುದಿಲ್ಲ, ಅಷ್ಟೇ.

ಕೂತು ಯೋಚಿಸಿದ ಒಬ್ಬನ ಕಥೆ ಹೇಳುತ್ತೇನೆ. ಅವನ ಹೆಸರು ನಿನಗೆ ಗೊತ್ತು: ಸಾಲ್ವದೋರ್ ದಾಲಿ, ಕರಗುವ ಗಡಿಯಾರದ ಚಿತ್ರ ಬರೆದವನು. ಮನಸ್ಸಿಗೆ ಬಂದದ್ದನ್ನು ಬರೆಯುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. 1954ರಲ್ಲಿ ಏಳು ಅದ್ಭುತಗಳ ಮೇಲೆ ಒಂದು ಸಿನಿಮಾಕ್ಕೆಂದು ಅವನು ಇದೇ ರೋಡ್ಸಿನ ಮೂರ್ತಿಯನ್ನು ಬರೆದ. ಸಿನಿಮಾದಲ್ಲಿ ಅದು ಬರಲಿಲ್ಲ. ಚಿತ್ರ ಈಗ ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದ ಕಲಾ ಸಂಗ್ರಹಾಲಯದಲ್ಲಿದೆ. ಇಂಥ ಮನುಷ್ಯನಾದರೂ ಬೇಕಾದ ಹಾಗೆ ಬರೆದಿರಬಹುದು ಅಂದುಕೊಂಡೆಯಾ? ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ, 1953ರ ಕೊನೆಗೆ, ಹರ್ಬರ್ಟ್ ಮೇರಿಯನ್ ಎಂಬ ಹಿರಿಯ ಇದೇ ಮೂರ್ತಿಯ ಬಗ್ಗೆ ಒಂದು ಪ್ರಬಂಧ ಓದಿದ್ದ. ಎಂಬತ್ತರ ಅಂಚಿನ ವಯಸ್ಸು ಅವನದು. ಕಂಚು, ಬೆಳ್ಳಿ, ತಗಡಿನ ಕೆಲಸದಲ್ಲಿ ಪಳಗಿದ ಕೈ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಟನ್ ಹೂ ಎಂಬಲ್ಲಿ ಸಿಕ್ಕ ಹಳೆಯ ಶಿರಸ್ತ್ರಾಣದ ಚೂರುಗಳನ್ನು ಜೋಡಿಸಿದವನು ಅವನೇ.

ಈ ಕಸುಬುದಾರ ಮಾಡಿದ್ದೇನು ನೋಡು. ಮೂರ್ತಿಗೆ 500 ಟ್ಯಾಲೆಂಟ್ ಕಂಚು, 300 ಟ್ಯಾಲೆಂಟ್ ಕಬ್ಬಿಣ ಹೋಯಿತು ಎಂದು ಹಳೆಯ ಬರಹವೊಂದರಲ್ಲಿದೆ. ಅದನ್ನು ಹಿಡಿದು ಲೆಕ್ಕ ಹಾಕಿದ. ಅಷ್ಟು ಎತ್ತರಕ್ಕೆ ಅಷ್ಟೇ ಕಂಚೆಂದರೆ ಎರಕ ಹೊಯ್ದದ್ದಲ್ಲ, ತೆಳ್ಳಗೆ ಬಡಿದ ತಗಡುಗಳನ್ನು ಜೋಡಿಸಿದ್ದು ಅಂದ. ನಿಂತದ್ದು ಬಂದರಿನ ಪಕ್ಕದಲ್ಲಿ, ಅಡ್ಡಲಾಗಿ ಅಲ್ಲ. ಎರಡು ಕಾಲಿನ ಮೇಲೆ ಅಷ್ಟು ಎತ್ತರ ನಿಲ್ಲದು. ಮೈಮೇಲಿಂದ ನೆಲದ ತನಕ ಇಳಿಬಿದ್ದ ಬಟ್ಟೆಯೇ ಮೂರನೆಯ ಕಾಲಾಗಿ ಭಾರ ಹೊತ್ತಿರಬೇಕು ಅಂದ. ದಾಲಿಯ ಚಿತ್ರದಲ್ಲಿ ಇದೆಲ್ಲ ಇದೆ. ತಗಡಿನ ಬೆಸುಗೆ ಕಾಣುತ್ತದೆ, ಇಳಿಬಿದ್ದ ಬಟ್ಟೆ ಕಾಣುತ್ತದೆ, ಬಿಸಿಲಿಗೆ ಕೈ ಅಡ್ಡ ಹಿಡಿದ ಮುಖ ಕಾಣುತ್ತದೆ. ನೋಡುವವನನ್ನು ಕಾಲ ಬುಡದಲ್ಲಿ ನಿಲ್ಲಿಸಿ ಮೇಲೆ ನೋಡಿಸಿದ್ದು ಮಾತ್ರ ದಾಲಿಯ ಸ್ವಂತದ್ದು. ನನಗೆ ಅವನ ಬೇರೆ ಚಿತ್ರಗಳು ಅಷ್ಟಾಗಿ ಹಿಡಿಸುವುದಿಲ್ಲ. ಇದೊಂದರಲ್ಲಿ ಅವನು ಕಿವಿ ಕೊಟ್ಟ, ಆಮೇಲೆ ಕೈ ಎತ್ತಿದ. ಅದಕ್ಕೆ ನಾನು ಅವನಿಗೆ ಮಣಿಯುತ್ತೇನೆ.

ಮೇರಿಯನ್ ಹೇಳಿದ್ದೇ ವೇದವಾಕ್ಯವೇ? ಅಲ್ಲ. ಎರಕ ಹೊಯ್ದದ್ದೇ ಸರಿ ಅನ್ನುವ ಪಂಡಿತರೂ ಇದ್ದಾರೆ. ಅವನು ಜೋಡಿಸಿದ ಶಿರಸ್ತ್ರಾಣವನ್ನು 1970-71ರಲ್ಲಿ ಬೇರೊಬ್ಬರು ಬಿಚ್ಚಿ ಹೊಸದಾಗಿ ಜೋಡಿಸಿದರು. ಅವನು ಯಾವ ಆಧಾರದ ಮೇಲೆ ಏನು ಊಹಿಸಿದ ಎಂಬುದು ಹಾಳೆಯ ಮೇಲೆ ಸ್ವಚ್ಛವಾಗಿತ್ತು. ಅದರಿಂದ ಮುಂದಿನವರಿಗೆ ತಿದ್ದಲು ಬಂತು. ಆಧಾರ ಹೇಳದ ಚಿತ್ರವನ್ನು ತಿದ್ದುವುದು ಹೇಗೆ? ಅದು ಚೆಂದ ಇದೆ ಎಂಬ ಒಂದೇ ಕಾರಣಕ್ಕೆ ಐನೂರು ವರ್ಷ ಓಡಾಡುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಂಗೀ. ಬಣ್ಣದ ಕೆಲಸದಲ್ಲೇ ನನ್ನ ಕೂದಲು ಹಣ್ಣಾದದ್ದು ನಿನಗೆ ಗೊತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತ ಅಂಗಡಿಗಳ ಬೋರ್ಡು ಬರೆದೆ, ನಾಟಕ ಕಂಪನಿಗಳ ಪರದೆ ಬರೆದೆ. ಮನೆ ನಡೆಸಿದ್ದು ಮಾತ್ರ ತೀರಿಕೊಂಡವರ ಚಿತ್ರಗಳು. ಆಗ ಎಲ್ಲರ ಮನೆಯಲ್ಲೂ ಫೋಟೋ ಇರುತ್ತಿರಲಿಲ್ಲ. ನವಲಗುಂದದ ಕಡೆಯಿಂದ, ಕುಂದಗೋಳದ ಕಡೆಯಿಂದ ಮಂದಿ ಬರುತ್ತಿದ್ದರು. ಅಪ್ಪ ಹೋಗಿ ಇಷ್ಟು ವರ್ಷ ಆತು, ಗೋಡೆಗೆ ಹಾಕಲು ಒಂದು ಚಿತ್ರ ಬೇಕು ಅನ್ನುತ್ತಿದ್ದರು. ಕಾಣದ ಮುಖ ಬರೆಯುವುದೇ ನನ್ನ ಉದ್ಯೋಗ ಅಂದುಕೋ.

ಆ ಕೆಲಸಕ್ಕೆ ಮೊದಲ ದಿನ ನಾನು ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಚಹಾ ತರಿಸುತ್ತಿದ್ದೆ, ಕೇಳುತ್ತಿದ್ದೆ. ಗಂಡುಮಕ್ಕಳು ಯಾವಾಗಲೂ ದೊಡ್ಡದು ಹೇಳುತ್ತಾರೆ: ಹುರಿಮೀಸೆ, ಜರಿ ರುಮಾಲು, ಗೌಡಕಿಯ ಗತ್ತು. ಎಲ್ಲರ ಅಪ್ಪಂದಿರೂ ಹುರಿಮೀಸೆಯವರೇ! ಒಮ್ಮೆ ಹೀಗೆ ಮೂವರು ಅಣ್ಣತಮ್ಮಂದಿರು ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಮಕ್ಕಳು ತಾಸುಗಟ್ಟಲೆ ಹೇಳಿದರು. ಹಿರಿಯ ಜೀವ ಗೋಡೆಗೆ ಆತು ಕೂತಿತ್ತು, ತುಟಿ ಬಿಚ್ಚಲಿಲ್ಲ. "ಅವ್ವಾರ, ನೀವೇನರ ಹೇಳ್ರಿ" ಅಂದೆ. ಅವರು ನೆಲ ನೋಡುತ್ತ ಅಂದರು: "ಕುಂತಾಗ ಬಲಗೈ ಹೆಬ್ಬೆಟ್ಟು ಮುಷ್ಟ್ಯಾಗ ಮುಚ್ಚಿ ಇಡತಿದ್ರು. ಸುಗ್ಯಾಗ ಕುಡಗೋಲು ತಾಗಿ ಉಗುರು ಹೋಗಿತ್ತರೀ. ಮಂದಿ ಮುಂದ ನಾಚಕಿ." ಮೀಸೆ ರುಮಾಲನ್ನೆಲ್ಲ ಮಕ್ಕಳು ಹೇಳಿದಂತೆ ಬರೆದೆ. ಬಲಗೈಯನ್ನು ತಾಯಿ ಹೇಳಿದಂತೆ ಬರೆದೆ. ಚಿತ್ರ ಒಯ್ಯಲು ಬಂದ ದಿನ ಆ ತಾಯಿ ನೋಡಿದವರೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಗಂಡ ಎದುರು ಬಂದು ಕೂತಂತೆ. ಆಕೆ ನೋಡಿದ್ದು ಮೀಸೆಯನ್ನಲ್ಲ.

ಅದಕ್ಕೇ ನಿನಗೆ ಹೇಳುವುದು. ಒಂದು ಹಾಳೆಯಲ್ಲಿ ಗೆರೆ ಎಳೆದು ಮೂರು ಮನೆ ಮಾಡು. ಕಂಡವರು ಹೇಳಿದ್ದು ಒಂದರಲ್ಲಿ. ಕೇಳಿದವರು ಹೇಳಿದ್ದು ಇನ್ನೊಂದರಲ್ಲಿ. ನಿನ್ನ ತಲೆಯಿಂದ ಬಂದದ್ದು ಮೂರನೆಯದರಲ್ಲಿ. ಪ್ಲಿನಿಯ ಹೆಬ್ಬೆರಳು ಎಲ್ಲಿಗೆ ಹೋಗುತ್ತದೆ, ಕೈಯ ಪಂಜು ಎಲ್ಲಿಗೆ ಹೋಗುತ್ತದೆ, ನೀನೇ ಬರೆ. ಮೂರನೆಯ ಮನೆ ಖಾಲಿ ಇರಬೇಕು ಎಂದು ನಾನು ಹೇಳುವುದಿಲ್ಲ. ಅದು ಖಾಲಿಯಿದ್ದರೆ ನೀನು ಕಲಾವಿದೆಯೇ ಅಲ್ಲ. ಆದರೆ ಯಾವುದು ಯಾವ ಮನೆಯದ್ದು ಎಂಬುದು ನಿನಗಾದರೂ ಗೊತ್ತಿರಬೇಕು.

ಈಗ ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತಿಗೆ ಬರುತ್ತೇನೆ. ಕಳೆದುಹೋದ ಮಹಾಮೂರ್ತಿಯನ್ನು ಹುಡುಕಿಕೊಂಡು ನೀನು ಗ್ರೀಸಿನ ತನಕ ಹೋದೆ. ನಮ್ಮಲ್ಲೇ ಒಂದಿದೆ. ಅದರ ಚಿತ್ರವನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೀ, ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡಿದ್ದೀ. ಶ್ರವಣಬೆಳಗೊಳದ ಗೊಮ್ಮಟ. ಕಾಣದೇ ಹೋದ ಒಂದು ಮೂರ್ತಿಯನ್ನು ನೆನೆದು ಕಡೆದ ಮೂರ್ತಿ ಅದು. ಅವಸರದಲ್ಲಿ ಮೆಟ್ಟಿಲು ಹತ್ತಿ ಇಳಿದವಳಿಗೆ ಇದು ಎಲ್ಲಿ ತಿಳಿಯಬೇಕು?

ಸುಮಾರು 1180ರಲ್ಲಿ ಬೊಪ್ಪಣನೆಂಬ ಕವಿ ಬರೆದ ಕನ್ನಡ ಶಾಸನವೊಂದು ಅಲ್ಲಿದೆ. ಅದರಲ್ಲಿ ಈ ವೃತ್ತಾಂತವಿದೆ. ಆದಿನಾಥನ ಮಗ ಭರತ ತನ್ನ ತಮ್ಮ ಬಾಹುಬಲಿಯ ಮೂರ್ತಿಯನ್ನು ಪೌದನಪುರದಲ್ಲಿ ನಿಲ್ಲಿಸಿದ. ಎತ್ತರ 525 ಬಿಲ್ಲು. ಒಂದು ಬಿಲ್ಲೆಂದರೆ ನಾಲ್ಕು ಮೊಳ. ಗುಣಿಸು, ಮೂರು ಸಾವಿರ ಅಡಿ ದಾಟುತ್ತದೆ. ಕಾಲ ಕಳೆಯಿತು. ಮೂರ್ತಿಯ ಸುತ್ತ ಕುಕ್ಕುಟಸರ್ಪಗಳು ತುಂಬಿಕೊಂಡವು. ಬರಬರುತ್ತ ಆ ಜಾಗವೇ ಸಾಮಾನ್ಯರ ಕಣ್ಣಿಗೆ ಬೀಳದಂತಾಯಿತು. ಆ ಮೂರ್ತಿಯ ಮಹಿಮೆಯನ್ನು ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ ಕೇಳಿದ. ನೋಡಬೇಕೆಂದು ಹೊರಟು ನಿಂತ. ಹಿರಿಯರು ತಡೆದರು: ಅದು ಬಹಳ ದೂರ, ಹೋಗಲು ಆಗದ ಜಾಗ. ಹಾಗಿದ್ದರೆ ಅಂಥ ದೇವರನ್ನು ಇಲ್ಲೇ ಮಾಡಿಸುತ್ತೇನೆ ಎಂದು ಮಾಡಿಸಿದ. ಬೊಪ್ಪಣ ಹೇಳುವುದು ಇಷ್ಟು.

ಅಜ್ಜಾ, ತಾಯಿ ಕಾಳಲಾದೇವಿಯ ಹರಕೆ ಎಲ್ಲಿ, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಿಟ್ಟ ಬಾಣ ಎಲ್ಲಿ ಎಂದು ಕೇಳುತ್ತೀ. ಬೊಪ್ಪಣನಲ್ಲಿ ತಾಯಿಯೂ ಇಲ್ಲ, ಬಾಣವೂ ಇಲ್ಲ. ಅವು ಬೇರೆ ಕೃತಿಗಳಲ್ಲಿ, ಸ್ಥಳಪುರಾಣದಲ್ಲಿ ಬಂದವು. ಚೆಂದದ ಕಥೆಗಳು, ಬಿಡಬೇಡ. ಯಾವ ಮನೆಯಲ್ಲಿ ಬರೆಯಬೇಕೋ ಅಲ್ಲಿ ಬರೆದಿಟ್ಟುಕೋ. ಬೊಪ್ಪಣ ಬರೆದದ್ದೂ ಮೂರ್ತಿ ನಿಂತು ಇನ್ನೂರು ವರ್ಷದ ಮೇಲೆ. ಅದನ್ನೂ ಗುರುತು ಹಾಕಿಕೋ. ಪೌದನಪುರ ಎಂದರೆ ಈಗಿನ ತೆಲಂಗಾಣದ ಬೋಧನ ಎಂದು ಹಲವರು ಗುರುತಿಸಿದ್ದಾರೆ. ಮೂರು ಸಾವಿರ ಅಡಿಯ ಮೂರ್ತಿ ನೆಲದ ಮೇಲೆ ನಿಂತಿತ್ತು ಎಂದು ನಾನು ವಾದ ಮಾಡಲಾರೆ. ಕೇಳಿದವರ ಮನಸ್ಸಿನಲ್ಲಿ ನಿಂತಿತ್ತು ಎಂಬುದಕ್ಕೆ ಶಾಸನವೇ ಸಾಕ್ಷಿ.

ಚಾವುಂಡರಾಯನ ನಡತೆ ನೋಡು ಈಗ. ಅವನು ಎತ್ತರದ ಬೆನ್ನು ಹತ್ತಲಿಲ್ಲ. ಅವನ ಗೊಮ್ಮಟ ಸುಮಾರು 58 ಅಡಿ. 525 ಬಿಲ್ಲಿನ ಮುಂದೆ ಏನೂ ಅಲ್ಲ. ಬೆಟ್ಟದ ತುದಿಯಲ್ಲಿ ಎಂಥ ಬಂಡೆ ಸಿಕ್ಕಿತೋ ಅದಕ್ಕೆ ತಕ್ಕಷ್ಟು ಕಡೆಸಿದ. ಕಥೆಯನ್ನಾದರೂ ಸರಿಯಾಗಿ ತಿಳಿದುಕೊಂಡಿದ್ದನೇ? ಅರವತ್ತಮೂರು ಮಹಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ತಾನೇ ಬರೆದವನು ಅವನು. 978ರ ಆ ಪುಸ್ತಕಕ್ಕೆ ಚಾವುಂಡರಾಯ ಪುರಾಣವೆಂದೇ ಹೆಸರು. ಗೊಮ್ಮಟ ನಿಂತದ್ದು 981ರ ಸುಮಾರಿಗೆ. ಕತ್ತಿ ಹಿಡಿದ ಕೈಗೆ ಲೇಖನಿ ಹಿಡಿದು ಬರೆಯುವಷ್ಟು ಪುರುಸೊತ್ತು ಸಿಕ್ಕಿತ್ತು. ನಿನಗೆ ಎರಡು ಪುಟ ಓದಲು ಸಿಗುವುದಿಲ್ಲ!

ಅದಕ್ಕೂ ನಲವತ್ತು ವರ್ಷ ಮುಂಚೆ, 941ರಲ್ಲಿ, ಪಂಪ ಆದಿಪುರಾಣ ಬರೆದಿದ್ದ. ಪಂಪ ನಮಗೆ ದೂರದವನಲ್ಲ. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ತಮ್ಮ ಜಿನವಲ್ಲಭ ಹಾಕಿಸಿದ ಕುರಿಕ್ಯಾಲದ ಶಾಸನದಲ್ಲಿದೆ. ಅಣ್ಣಿಗೇರಿ ಹುಬ್ಬಳ್ಳಿಯಿಂದ ಗದಗ ಹಾದಿಯಲ್ಲಿದೆ, ನಮ್ಮದೇ ಜಿಲ್ಲೆ. ಆ ಮನೆಯ ಮೊಮ್ಮಗ ಅಣ್ಣತಮ್ಮಂದಿರ ಜಗಳವನ್ನು ಬರೆದ. ಭರತನಿಗೆ ಭೂಮಿಯೆಲ್ಲ ಬೇಕು. ಬಾಹುಬಲಿ ಬಗ್ಗುವವನಲ್ಲ. ಸೈನ್ಯ ಸಾಯುವುದು ಬೇಡವೆಂದು ಇಬ್ಬರೇ ಸೆಣಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಕುಸ್ತಿಯಲ್ಲಿ ಅಣ್ಣನನ್ನು ಮೇಲಕ್ಕೆ ಎತ್ತಿದ್ದಾನೆ. ನೆಲಕ್ಕೆ ಅಪ್ಪಳಿಸುವುದೊಂದು ಬಾಕಿ. ಅಪ್ಪಳಿಸಲಿಲ್ಲ. ಮೆಲ್ಲಗೆ ಇಳಿಸಿದ. ಗೆದ್ದದ್ದನ್ನೂ ಅಣ್ಣನಿಗೇ ಬಿಟ್ಟು ಕಾಡಿಗೆ ಹೋಗಿ ನಿಂತ. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು, ಅವನು ಅಲುಗಲಿಲ್ಲ. ಗೆಲ್ಲುವ ಹೊತ್ತಿನಲ್ಲಿ ಕೈ ತಡೆದು ಹಿಡಿದವನ ಮೂರ್ತಿ ಅದು. ಸಿಟ್ಟು ಬಂದಾಗ ನಿನ್ನ ತಮ್ಮನ ಮೇಲೆ ತಟ್ಟೆ ಎಸೆಯುತ್ತೀಯಲ್ಲ, ಆಗ ಒಮ್ಮೆ ನೆನೆ.

ಈಗ ಕಲ್ಲಿನ ಹತ್ತಿರ ಬಾ. ಮುಖ ಎಲ್ಲರೂ ನೋಡುತ್ತಾರೆ. ನೀನು ಕಾಲು ನೋಡು. ಎರಡೂ ಪಕ್ಕ ಹುತ್ತ ಕಡೆದಿದ್ದಾರೆ. ಹುತ್ತದ ತೂತುಗಳಿಂದ ಹಾವುಗಳು ತಲೆ ಹೊರಗೆ ಚಾಚಿವೆ. ಬೊಪ್ಪಣ ಹೇಳಿದ ಕುಕ್ಕುಟಸರ್ಪಗಳು ಇವೇ. ಬಳ್ಳಿ ಕಾಲು ಸುತ್ತಿ ತೊಡೆಗೆ ಬಂದು ತೋಳಿಗೆ ಹಬ್ಬಿದೆ. ಕಥೆಯಲ್ಲಿ ಹೇಳಿದ್ದು ಒಂದೂ ಬಿಟ್ಟಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ ಬೇರೊಂದು ತಿಳಿಯುತ್ತದೆ. ತೊಡೆಯಿಂದ ಮೇಲೆ ಆ ಮೂರ್ತಿಗೆ ಯಾವ ಆಸರೆಯೂ ಇಲ್ಲ. ಹಿಂದೆ ಬಂಡೆ ಇಲ್ಲ, ಗೋಡೆ ಇಲ್ಲ. ಆಸರೆ ಇರುವುದೆಲ್ಲ ಕೆಳಗೆ, ಹುತ್ತದ ಮಟ್ಟದಲ್ಲಿ. ರೋಡ್ಸಿನ ಮೂರ್ತಿ ಮುರಿದದ್ದು ಎಲ್ಲಿ? ಮೊಣಕಾಲಲ್ಲಿ. ಅದೇ ಜಾಗದಲ್ಲಿ ಬೆಳಗೊಳದ ಕಲ್ಲುಕುಟಿಗ ಕಲ್ಲು ಉಳಿಸಿಕೊಂಡ. ಉಳಿಸಿಕೊಂಡ ಕಲ್ಲನ್ನು ಹುತ್ತ ಮಾಡಿದ. ಮೇರಿಯನ್ ತನ್ನ ಲೆಕ್ಕದಲ್ಲಿ ಇಳಿಬಿದ್ದ ಬಟ್ಟೆಯಿಂದ ಮಾಡಿಸಿದ ಕೆಲಸವನ್ನು ಇವನು ಸಾವಿರ ವರ್ಷದ ಹಿಂದೆ ಹುತ್ತದಿಂದ ಮಾಡಿಸಿದ್ದ. ಅಲಂಕಾರ ಎಂದು ನೀನು ಕೊನೆಗೆ ಸೇರಿಸುವುದನ್ನು ಅವನು ಮೊದಲು ಯೋಚಿಸಿದ್ದ. ಮೊಣಕಾಲಿನ ಕೆಳಗಿನ ಭಾಗ ಮೈಯ ಅಳತೆಗೆ ತುಸು ಗಿಡ್ಡ ಎಂದು ತಿಳಿದವರು ಹೇಳುತ್ತಾರೆ. ಇರಬಹುದು, ನನ್ನ ಕಣ್ಣಿಗೂ ಹಾಗೇ ಕಾಣುತ್ತದೆ. ಆದರೂ ಸಾವಿರ ವರ್ಷದ ಗಾಳಿ, ಮಳೆ, ಸಿಡಿಲು ಆ ಕಾಲುಗಳ ಮೇಲೆಯೇ ಹೋಗಿವೆ.

ನೀನು ಯಾವ ಮೂರ್ತಿಯ ಮುಂದೆ ನಿಂತರೂ ಮೊದಲು ಕೇಳುವುದು ಎಷ್ಟು ಫೂಟು ಅಂತ. ವರೂರಿನ ನವಗ್ರಹ ತೀರ್ಥಕ್ಕೆ ಹೋದಾಗಲೂ ಅದೇ ಕೇಳಿದೆ. 61 ಅಡಿ ಪಾರ್ಶ್ವನಾಥ ಅಂದ ಕೂಡಲೇ ಗೊಮ್ಮಟನಿಗಿಂತ ಮೂರು ಅಡಿ ಜಾಸ್ತಿ ಎಂದು ಲೆಕ್ಕ ಹಾಕಿ ಹೊರಟುಬಿಟ್ಟೆ. ಆ ಹೆಡೆಗಳ ಕೆಳಗಿನ ಮುಖವನ್ನು ನೋಡಿದೆಯಾ? ಎತ್ತರ ಬಂದಾಗ ಚೆಲುವು ತಪ್ಪುವ ಭಯ ಇರುತ್ತದೆಂದು ಬೊಪ್ಪಣನೇ ಅರಿತಿದ್ದ. ಗೊಮ್ಮಟನಲ್ಲಿ ಎರಡೂ ಕೂಡಿವೆ ಎಂದು ಹಿಗ್ಗಿದ್ದ. ದೊಡ್ಡ ಹಾಳೆ ತಂದುಕೊಂಡ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ, ತಂಗೀ. ರೋಡ್ಸಿನ ಎತ್ತರ ತೋರಿಸಬೇಕೆ? ಆ ಹೆಬ್ಬೆರಳನ್ನು ತಬ್ಬಲು ಹೋಗಿ ತೋಳು ಸಾಲದ ಒಬ್ಬ ಮೀನುಗಾರನನ್ನು ಬರೆದು ನೋಡು. ನಿಂತ ಮೂರ್ತಿ ಬೇಡವೇ ಬೇಡ, ಬಿದ್ದದ್ದನ್ನೇ ಬರೆ. ಅದರ ಸಾಕ್ಷಿ ನಿನ್ನ ಮೊದಲ ಮನೆಯಲ್ಲೇ ಇದೆ.

ಹೆಸರಿನ ಆಸೆಯ ವಿಷಯವೂ ಒಂದು ಹೇಳಿಬಿಡುತ್ತೇನೆ. ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಮರಾಠಿಯಲ್ಲೂ ಬರೆದಿದೆ. ಕಡೆದವನ ಹೆಸರು ಅಲ್ಲಿಲ್ಲ. ಎದುರಿಗೆ ಗುಳ್ಳೆಕಾಯಿ ಅಜ್ಜಿಯ ಮೂರ್ತಿ ಇದೆ, ಗೊತ್ತಲ್ಲ? ಕೊಡಗಟ್ಟಲೆ ಹಾಲು ಸುರಿದರೂ ಚಾವುಂಡರಾಯನ ಅಭಿಷೇಕ ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ; ಅಜ್ಜಿಯ ಗುಳ್ಳೆಕಾಯಿಯ ಗುಟುಕು ಹಾಲು ಪಾದ ಮುಟ್ಟಿತಂತೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ಲಕ್ಷಾಂತರ ಮಂದಿ ಕೂಡುತ್ತಾರೆ, ಕಳೆದ ಬಾರಿ 2018ರಲ್ಲಿ ಆಯಿತು. ಹಾಗೆ ಕೂಡಿದಾಗಲೆಲ್ಲ ಈ ಅಜ್ಜಿಯ ಕಥೆ ಹೇಳದವರಿಲ್ಲ. ನೀನು ಮೊನ್ನೆ ಚಿತ್ರ ಅರ್ಧ ಆಗುವ ಮುಂಚೆಯೇ ಮೂಲೆಯಲ್ಲಿ ಸಹಿ ಹಾಕಿದ್ದೆ. ನೋಡಿ ಸುಮ್ಮನಿದ್ದೆ, ಇವತ್ತು ಹೇಳಿದೆ.

ಚಿತ್ರದಲ್ಲಿ ಅವಸರ ಮಾಡುವವರು ಮಾತಿನಲ್ಲೂ ಅವಸರ ಮಾಡುತ್ತಾರೆ, ಅದೇ ನನಗೆ ಹೆಚ್ಚಿನ ಚಿಂತೆ. ಹೋದ ತಿಂಗಳು ಓಣಿಯ ಒಂದು ಹುಡುಗಿಯ ಲಗ್ನ ಮುರಿಯಿತು ಎಂದು ಫೋನಿನಲ್ಲಿ ಬಂದದ್ದನ್ನು ನೀನು ಮನೆಮನೆಗೆ ಹಂಚಿದೆ. ಯಾರು ಕಂಡರು ಅಂದರೆ ಎಲ್ಲರೂ ಅಂತಾರೆ ಅಂದೆ. ಲಗ್ನದ ದಿನ ಮುಂದೆ ಹೋಗಿತ್ತು, ಮುರಿದಿರಲಿಲ್ಲ. ಆ ತಾಯಿ ನಿನ್ನನ್ನು ಇನ್ನೂ ಮಾತನಾಡಿಸುವುದಿಲ್ಲ. ಕಾಲಗಲಿಸಿ ನಿಂತ ಮೂರ್ತಿಯೂ ಹೀಗೇ ಹುಟ್ಟಿತು. ಒಬ್ಬ ಹೇಳಿದ, ಇನ್ನೊಬ್ಬ ಚೆಂದ ಮಾಡಿದ, ಮತ್ತೊಬ್ಬ ಅಚ್ಚು ಹಾಕಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ನಮ್ಮ ಮಂದಿ. ನೀನು ಕಾಣದ್ದನ್ನೂ ಪ್ರಮಾಣಿಸದೆ ಸಾಗಹಾಕುತ್ತೀ. ಮೂರು ಮನೆಯ ಹಾಳೆಯನ್ನು ಬರೀ ಬಣ್ಣದ ಪೆಟ್ಟಿಗೆಯಲ್ಲಿ ಇಡಬೇಡ. ನಾಳೆ ಹೋಗಿ ಆ ತಾಯಿಗೆ ತಪ್ಪಾಯಿತು ಅಂದು ಬಾ. ಚಿತ್ರಕ್ಕಿಂತ ಅದು ಮೊದಲು.

ಬೈದೆನೆಂದು ಮುಖ ಊದಿಸಬೇಡ. ನಿನ್ನ ಗೆರೆಯಲ್ಲಿ ಜೀವ ಇದೆ, ಇಲ್ಲದಿದ್ದರೆ ಇಷ್ಟು ಹೇಳುವ ಪುರುಸೊತ್ತು ನನಗೂ ಇರುತ್ತಿರಲಿಲ್ಲ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಈ ಧಾರವಾಡ. ಇಲ್ಲಿ ಕೈ ತಿದ್ದುವವರಿಗೆ ಕೊರತೆ ಇಲ್ಲ. ಕಣ್ಣು ತಿದ್ದಿಕೊಳ್ಳುವುದು ನಿನ್ನ ಕೆಲಸ.

ಹಾಗಾಗಿ ಹೀಗೆ ಮಾಡು. ರೋಡ್ಸನ್ನು ಎಂಟು ದಿನ ಬದಿಗಿಡು. ಈ ಶನಿವಾರ ಹುಬ್ಬಳ್ಳಿಗೆ ಹೋಗಿ ಗದಗ ಮೇಲೆ ಹೋಗುವ ರೈಲು ಹಿಡಿದು ಬಾದಾಮಿಗೆ ಹೋಗು. ನಾಲ್ಕನೆಯ ಗುಹೆ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಮೂರನೆಯದನ್ನು ನೋಡಿ ಸುಸ್ತಾಗಿ ಇಳಿದುಬಿಡುತ್ತಾರೆ, ನೀನು ಮುಂದೆ ಹೋಗು. ಅಲ್ಲಿ ಪಡಸಾಲೆಯ ಒಂದು ತುದಿಗೆ ಪಾರ್ಶ್ವನಾಥ, ಇನ್ನೊಂದು ತುದಿಗೆ ಬಾಹುಬಲಿ. ಬೆಳಗೊಳದ ಗೊಮ್ಮಟನಿಗಿಂತ ಎಷ್ಟೋ ತಲೆಮಾರು ಹಳಬ. ಆಳಿಗಿಂತ ತುಸುವೇ ಎತ್ತರ. ಹೆಗಲ ಮೇಲೆ ಇಳಿದ ಜಡೆ, ಕಾಲ ಬಳಿ ಹುತ್ತದ ಹಾವು, ಮೈಗೆ ಹಬ್ಬಿದ ಬಳ್ಳಿ, ಅಕ್ಕಪಕ್ಕ ಇಬ್ಬರು ಹೆಣ್ಣುಮಕ್ಕಳು. ಹಾಗೇ ಐಹೊಳೆಯ ಜೈನ ಗುಹೆಯಲ್ಲೂ ಒಬ್ಬ ಇದ್ದಾನೆ. ಹೊತ್ತಿದ್ದರೆ ಅದನ್ನೂ ನೋಡಿ ಬಾ. ಚಾವುಂಡರಾಯನ ಕಲ್ಲುಕುಟಿಗನ ಮುಂದೆ ಏನೂ ಇರಲಿಲ್ಲ ಅಂದುಕೊಳ್ಳಬೇಡ. ಈ ಪರಂಪರೆ ಇತ್ತು, ಅದರ ಮೇಲೆ ಕೇಳಿದ ಕಥೆ ಇತ್ತು, ಅದರ ಮೇಲೆ ಅವನ ಕೈ ಇತ್ತು. ಬೆಳಗೊಳದಲ್ಲಿ ಆ ಹೆಣ್ಣುಮಕ್ಕಳಿಲ್ಲ. ಇಳಿಬಿದ್ದ ಜಡೆ ಹೋಗಿ ತಲೆಯ ಮೇಲೆ ಗುಂಗುರು ಬಂದಿದೆ. ಏನು ಉಳಿಸಿಕೊಂಡ, ಏನು ಬಿಟ್ಟ, ಯಾಕೆ ಬಿಟ್ಟ, ಎರಡನ್ನೂ ಪಕ್ಕಪಕ್ಕ ಬರೆದು ನನ್ನ ಮುಂದೆ ಇಡು. ಆಮೇಲೆ ರೋಡ್ಸಿನ ಮಾತು.

ಫೋಟೋ ಹೊಡೆದುಕೊಂಡು ಓಡಿ ಬರಬೇಡ, ಕೂತು ಪೆನ್ಸಿಲಿನಲ್ಲಿ ಬರೆ. ನೀರು ಒಯ್ಯಿ, ಎರಡು ಜೋಳದ ರೊಟ್ಟಿ ಹೆಚ್ಚಿಗೆ ಕಟ್ಟಿಕೋ. ಬುತ್ತಿಯ ಗಂಟು ಮಾತ್ರ ಮಡಿಲಲ್ಲೇ ಇರಲಿ, ಬಾದಾಮಿಯ ಮಂಗ್ಯಾಗಳು ನಿನಗಿಂತ ಅವಸರದವು.